ಬಂಗಾಳದ ನದೀಮುಖಜ ಭೂಮಿಯಲ್ಲಿ ನೆರೆ ಮತ್ತು ಬೇಸಾಯ

ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವಲ್ಲಿ ಕಟ್ಟಿಕೊಟ್ಟಿರುವ ಮೆಕ್ಕಲು ನೆಲ ಜಗತ್ತಿನ ಅತಿ ದೊಡ್ಡ ನದೀಮುಖಜ ಭೂಮಿ. ಅದರ ಬಹುಭಾಗ ಬಾಂಗ್ಲಾದೇಶದಲ್ಲಿದೆ, ಪಶ್ಚಿಮದ ಅಂಚು ಭಾರತದ ಪಶ್ಚಿಮ ಬಂಗಾಳಕ್ಕೆ ಸೇರಿದೆ. ಹವಾಮಾನ ಬದಲಾವಣೆಗೆ ರೈತಸಮುದಾಯಗಳು ಊರಮಟ್ಟದಲ್ಲಿ ಹೊಂದಿಕೊಳ್ಳುವುದು ಹೇಗೆ, ಅದಕ್ಕೆ ಹೊರಗಿನವರು ನೆರವಾಗುವುದು ಹೇಗೆ ಎಂಬ ಪ್ರಶ್ನೆಗಳು ಈ ನೆಲದಲ್ಲಿ ಪರೀಕ್ಷೆಗೊಳಗಾದಷ್ಟು ಇನ್ನೆಲ್ಲೂ ಆಗಿಲ್ಲವೆಂದರೆ ಹೆಚ್ಚಾಗದು. ಕಳೆದ 60 ವರ್ಷಗಳಲ್ಲಿ ಇಲ್ಲಿ ಒಡ್ಡು, ಬೀಜ, ಮುನ್ಸೂಚನೆ, ಹಣ ಎಲ್ಲವೂ ಬಂದಿವೆ. ನೀರು ಎಲ್ಲಿಗೆ ಬರಬೇಕು, ಎಷ್ಟು ದಿನ ನಿಲ್ಲಬೇಕು ಎಂಬ ತೀರ್ಮಾನದಲ್ಲಿ ಉಳುವವರಿಗೆ ಪಾಲು ಸಿಕ್ಕ ಕಡೆ ಅವು ಬಾಳಿವೆ. ಪಾಲು ಸಿಗದ ಕಡೆ ಒಂದು ನೆರೆಯನ್ನು ತಡೆಯಲು ಹೋಗಿ ಇನ್ನೊಂದನ್ನು ತಂದಿವೆ.

ನೆಲ ಮತ್ತು ನೀರು

ಬಾಂಗ್ಲಾದೇಶದ ವಿಸ್ತೀರ್ಣ ಸುಮಾರು 1.47 ಲಕ್ಷ ಚದರ ಕಿ.ಮೀ., ಕರ್ನಾಟಕಕ್ಕಿಂತ ಚಿಕ್ಕದು. ಜನಸಂಖ್ಯೆ ಸುಮಾರು 17 ಕೋಟಿ. ಈ ಮೂರು ನದಿಗಳ ಜಲಾನಯನ ಪ್ರದೇಶದ ಶೇ. 90ಕ್ಕೂ ಹೆಚ್ಚು ಭಾಗ ದೇಶದ ಗಡಿಯಾಚೆ ಇದೆ. ಅಂದರೆ ಇಲ್ಲಿಯ ರೈತನ ಹೊಲಕ್ಕೆ ನುಗ್ಗುವ ನೀರು ಹೆಚ್ಚಾಗಿ ಹಿಮಾಲಯದಲ್ಲಿ, ಅಸ್ಸಾಮಿನಲ್ಲಿ, ಮೇಘಾಲಯದಲ್ಲಿ ಬಿದ್ದ ಮಳೆ. ಸಾಮಾನ್ಯ ವರ್ಷದಲ್ಲೇ ದೇಶದ ಐದನೆಯ ಒಂದು ಭಾಗ ಮುಳುಗುತ್ತದೆ. ಆ ನೆರೆ ಬೇಕಾದ ನೆರೆ: ಹೊಸ ಮಣ್ಣು ಹಾಸುತ್ತದೆ, ಅಂತರ್ಜಲ ತುಂಬುತ್ತದೆ, ಗದ್ದೆಗೆ ಮೀನು ತರುತ್ತದೆ. 1988 ಮತ್ತು 1998ರಂತಹ ವರ್ಷಗಳದ್ದು ಬೇರೆ ಲೆಕ್ಕ. 1998ರಲ್ಲಿ ದೇಶದ ಮೂರನೆಯ ಎರಡು ಭಾಗದಷ್ಟು ನೆಲ ನೀರಿನಡಿ ಹೋಯಿತು, ಹಲವೆಡೆ ಎರಡು ತಿಂಗಳು ಇಳಿಯಲಿಲ್ಲ.

ಹವಾಮಾನ ಬದಲಾವಣೆ ಈ ಹಳೆಯ ಕಷ್ಟಗಳ ಹೊತ್ತನ್ನೂ ಅಳತೆಯನ್ನೂ ಕೆಡಿಸುತ್ತಿದೆ. ಸಮುದ್ರಮಟ್ಟ ಏರುತ್ತಿದೆ, ನೆಲ ತಾನೇ ಕುಸಿಯುತ್ತಿದೆ, ಬೇಸಿಗೆಯಲ್ಲಿ ಉಪ್ಪುನೀರು ನದಿಗಳಲ್ಲಿ ಇನ್ನಷ್ಟು ಒಳಕ್ಕೆ ಬರುತ್ತಿದೆ. ಬಾಂಗ್ಲಾದೇಶದ ಮಣ್ಣು ಸಂಪನ್ಮೂಲ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಕರಾವಳಿಯಲ್ಲಿ ಉಪ್ಪು ಹಿಡಿದ ಜಮೀನು 1973ರಲ್ಲಿ 8.33 ಲಕ್ಷ ಹೆಕ್ಟೇರ್ ಇದ್ದದ್ದು 2009ರಲ್ಲಿ 10.56 ಲಕ್ಷ ಹೆಕ್ಟೇರಿಗೆ ಮುಟ್ಟಿತ್ತು. ಇದಕ್ಕೆ ಸಮುದ್ರವೊಂದೇ ಕಾರಣವಲ್ಲ. ಬೇಸಿಗೆಯಲ್ಲಿ ಗಂಗೆಯ ಹರಿವು ಇಳಿದದ್ದು, ಸೀಗಡಿ ಸಾಕಣೆಗಾಗಿ ಉಪ್ಪುನೀರನ್ನು ಬೇಕೆಂದೇ ಒಳಕ್ಕೆ ಬಿಟ್ಟದ್ದು ಇವೂ ಸೇರಿವೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಪರಿಹಾರ ತಪ್ಪು ದಾರಿ ಹಿಡಿಯುತ್ತದೆ.

ರೈತರ ಹಳೆಯ ಅರಿವು

ಬಂಗಾಳದ ಭತ್ತದ ಪಂಚಾಂಗವೇ ನೀರಿನ ಏರಿಳಿತಕ್ಕೆ ಹೊಂದಿಸಿದ್ದು. ಮುಂಗಾರಿಗೆ ಮುಂಚಿನ ಔಸ್, ಮಳೆಗಾಲದ ಅಮನ್, ಚಳಿಗಾಲದಲ್ಲಿ ನಾಟಿ ಮಾಡಿ ಏಪ್ರಿಲ್-ಮೇ ಹೊತ್ತಿಗೆ ಕೊಯ್ಯುವ ಬೋರೋ ಎಂದು ಮೂರು ಬೆಳೆ. ತಗ್ಗು ನೆಲಕ್ಕೆ ಎರಚುವ ಆಳನೀರಿನ ಅಮನ್ ತಳಿಗಳು ನೀರು ಏರಿದಂತೆ ದಂಟನ್ನು ಉದ್ದ ಬಿಡುತ್ತವೆ. ದಿನಕ್ಕೆ 20 ಸೆಂ.ಮೀ. ಬೆಳೆದು ಹಲವು ಮೀಟರ್ ನೀರಿನ ಮೇಲೂ ತೆನೆ ಎತ್ತಿ ನಿಲ್ಲಬಲ್ಲವು. ಇವುಗಳ ಇಳುವರಿ ಕಡಿಮೆ. ಹಾಗಾಗಿ 1980ರ ದಶಕದಿಂದ ಕೊಳವೆಬಾವಿಗಳು ಹಬ್ಬಿದಂತೆ ರೈತರು ನೆರೆಯಿಲ್ಲದ ಚಳಿಗಾಲದ ಬೋರೋಗೆ ತಿರುಗಿದರು. ಇಂದು ದೇಶದ ಅಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೋರೋ ಬೆಳೆಯದು. ನೆರೆಯಿಂದ ತಪ್ಪಿಸಿಕೊಳ್ಳಲು ಋತುವನ್ನೇ ಬದಲಿಸಿದ ಈ ಪಲ್ಲಟಕ್ಕೆ ಯಾವ ಹವಾಮಾನ ಯೋಜನೆಯ ಹೆಸರೂ ಇಲ್ಲ, ಆದರೆ ದೇಶದಲ್ಲಿ ನಡೆದ ಅತಿ ದೊಡ್ಡ ಹೊಂದಾಣಿಕೆ ಇದೇ.

ಹೊರಜಗತ್ತಿಗೆ ಹೆಚ್ಚು ಪರಿಚಯವಾದದ್ದು ತೇಲುವ ತೋಟ. ಪಿರೋಜ್‌ಪುರ, ಗೋಪಾಲ್‌ಗಂಜ್, ಬಾರಿಸಾಲ್ ಜಿಲ್ಲೆಗಳ ಕೆಲವು ತಗ್ಗುಗಳಲ್ಲಿ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ನೀರು ನಿಂತಿರುತ್ತದೆ. ನಮ್ಮ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ವಾಟರ್ ಹಯಸಿಂತ್ ಕಳೆಯನ್ನು ಅಲ್ಲಿಯ ರೈತರು ದೋಣಿಯಲ್ಲಿ ಹೋಗಿ ಬಾಚಿ, ಒಂದರ ಮೇಲೊಂದು ಪದರವಾಗಿ ಒಟ್ಟಿ, ಉದ್ದನೆಯ ತೆಪ್ಪದಂತಹ ಮಡಿ ಕಟ್ಟುತ್ತಾರೆ. ಅಡಿಯ ಪದರ ತೇಲಿಸುತ್ತದೆ, ಮೇಲಿನದು ಕೊಳೆತು ಗೊಬ್ಬರವಾಗುತ್ತದೆ. ಬೀಜವನ್ನು ನೇರ ಮಡಿಗೆ ಹಾಕುವುದಿಲ್ಲ. ಕೊಳೆತ ಸೊಪ್ಪಿನ ಪುಟ್ಟ ಉಂಡೆಯಲ್ಲಿಟ್ಟು ಮೊಳಕೆ ಬರಿಸಿ, ಆಮೇಲೆ ಸಾಲಾಗಿ ಕೂರಿಸುತ್ತಾರೆ. ಉಂಡೆ ಕಟ್ಟುವ ನಾಜೂಕಿನ ಕೆಲಸ ಹೆಚ್ಚಾಗಿ ಹೆಂಗಸರದು. ಬೆಂಡೆ, ಸೋರೆ, ಹಾಗಲ, ಕುಂಬಳ, ಸೊಪ್ಪು, ಅರಿಶಿನ ಎಲ್ಲವೂ ಬರುತ್ತವೆ, ಮಾರಾಟದ ತರಕಾರಿ ಸಸಿಗಳೂ ಇಲ್ಲೇ ಏಳುತ್ತವೆ. ನೀರಿಳಿದ ಮೇಲೆ ಮಡಿಯನ್ನು ಒಡೆದು ನೆಲಕ್ಕೆ ಹರಡಿದರೆ ಚಳಿಗಾಲದ ಬೆಳೆಗೆ ಗೊಬ್ಬರವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2015ರಲ್ಲಿ ಈ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇದನ್ನು ಬದಲಾಗದ ಪುರಾತನ ಪದ್ಧತಿಯೆಂದು ಬಣ್ಣಿಸುವ ಬರಹಗಳು ಒಂದು ಸಂಗತಿಯನ್ನು ಮರೆಯುತ್ತವೆ. ಈ ಕಳೆ ದಕ್ಷಿಣ ಅಮೆರಿಕದ್ದು, ಬಂಗಾಳಕ್ಕೆ ಬಂದದ್ದು 19ನೆಯ ಶತಮಾನದ ಕೊನೆಯ ಹೊತ್ತಿಗೆ. ಅದು ನದಿ, ಗದ್ದೆಗಳನ್ನು ಎಷ್ಟು ಕಟ್ಟಿಹಾಕಿತೆಂದರೆ 1936ರಲ್ಲಿ ಅದರ ನಾಶಕ್ಕೆಂದೇ ಬಂಗಾಳ ಸರ್ಕಾರ ಕಾನೂನು ಮಾಡಬೇಕಾಯಿತು. ತೇಲುಮಡಿಯ ಮೂಲ ಕಲ್ಪನೆ ಎಷ್ಟೇ ಹಳೆಯದಿರಲಿ, ಇಂದಿನ ರೂಪವನ್ನು ರೈತರು ಕಟ್ಟಿದ್ದು ಈ ಪಿಡುಗನ್ನೇ ಕಚ್ಚಾವಸ್ತು ಮಾಡಿಕೊಂಡು. ಪದ್ಧತಿಗೆ ಎಲ್ಲೆಯೂ ಇದೆ. ಉಪ್ಪುನೀರಿನಲ್ಲಿ ಈ ಕಳೆ ಬದುಕುವುದಿಲ್ಲ, ರಭಸದ ಹರಿವಿನಲ್ಲಿ ಮಡಿ ನಿಲ್ಲುವುದಿಲ್ಲ, ದುಡಿಮೆ ಬಹಳ ಬೇಡುತ್ತದೆ. ಆದ್ದರಿಂದ ಒಂದು ತಗ್ಗಿನಲ್ಲಿ ಬದುಕು ಕೊಟ್ಟ ತೋಟವನ್ನು ಎಲ್ಲ ಜಿಲ್ಲೆಗೂ ಹಂಚುತ್ತೇವೆನ್ನುವ ಉತ್ಸಾಹಕ್ಕೆ ಕಡಿವಾಣ ಬೇಕು.

ಒಡ್ಡುಗಳ ಪಾಠ

ನೈಋತ್ಯದ ಖುಲ್ನಾ, ಜೆಸ್ಸೋರ್, ಸಾತ್‌ಖೀರಾ ಜಿಲ್ಲೆಗಳು ಉಬ್ಬರ-ಇಳಿತದ ನೆಲ. ಜಮೀನ್ದಾರಿ ಕಾಲದಲ್ಲಿ ಅಲ್ಲಿ ವರ್ಷದ ಎಂಟು ತಿಂಗಳಿಗಷ್ಟೇ ಮಣ್ಣಿನ ತಾತ್ಕಾಲಿಕ ಒಡ್ಡು ಕಟ್ಟುತ್ತಿದ್ದರು. ಬೇಸಿಗೆಯ ಉಪ್ಪುನೀರು ಗದ್ದೆಗೆ ಬರದಂತೆ ಅದು ತಡೆಯುತ್ತಿತ್ತು. ಮಳೆಗಾಲದಲ್ಲಿ ನದಿ ಸಿಹಿಯಾದಾಗ ಒಡ್ಡನ್ನು ತೆಗೆದು, ಹೂಳು ತುಂಬಿದ ನೀರನ್ನು ಒಳಕ್ಕೆ ಬಿಡುತ್ತಿದ್ದರು. ಹೀಗೆ ಕುಸಿಯುವ ನೆಲ ವರ್ಷವರ್ಷವೂ ಹೊಸ ಮಣ್ಣಿನಿಂದ ತುಂಬಿಕೊಳ್ಳುತ್ತಿತ್ತು.

1950ರ ದಶಕದ ದೊಡ್ಡ ನೆರೆಗಳ ನಂತರ, ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ವಿದೇಶೀ ತಜ್ಞರ ಸಲಹೆ ಮತ್ತು ನೆರವಿನಿಂದ ಶಾಶ್ವತ ಒಡ್ಡುಗಳ ಯೋಜನೆ ಹುಟ್ಟಿತು. 1960ರ ದಶಕದಲ್ಲಿ ಆರಂಭವಾದ ಕರಾವಳಿ ಒಡ್ಡು ಯೋಜನೆ ಕ್ರಮೇಣ 139 ಪೋಲ್ಡರುಗಳನ್ನು ಕಟ್ಟಿತು. ನಾಲ್ಕೂ ಕಡೆ ಏರಿ, ನಡುವೆ ಗದ್ದೆ ಮತ್ತು ಊರು, ನೀರು ಹೊರಬಿಡಲು ತೂಬು. ಮೊದಲ ಹತ್ತು-ಹದಿನೈದು ವರ್ಷ ಫಲ ಚೆನ್ನಾಗಿತ್ತು. ಉಪ್ಪು ದೂರವಾಗಿ ಭತ್ತದ ಇಳುವರಿ ಏರಿತು.

ಆಮೇಲೆ ಲೆಕ್ಕ ತಿರುಗಿತು. ಉಬ್ಬರದ ನೀರು ಹೊತ್ತು ತರುವ ಹೂಳಿಗೆ ಗದ್ದೆಯ ದಾರಿ ಮುಚ್ಚಿದ್ದರಿಂದ ಅದು ನದಿಯ ತಳದಲ್ಲೇ ಕೂತಿತು. ನದಿ ಮೇಲೆದ್ದಿತು, ಮಣ್ಣು ಕಾಣದ ಗದ್ದೆ ಕುಸಿಯಿತು. ತೂಬಿನ ಹೊರಬಾಯಿ ಹೂಳಿನಲ್ಲಿ ಮುಚ್ಚಿಹೋದ ಮೇಲೆ ಪೋಲ್ಡರು ಬಟ್ಟಲಿನಂತಾಗಿ, ಒಳಗೆ ಬಿದ್ದ ಮಳೆಯೇ ಹೊರಹೋಗದೆ ನಿಂತಿತು. 1980ರ ದಶಕದ ಹೊತ್ತಿಗೆ ಸಾವಿರಾರು ಹೆಕ್ಟೇರು ಗದ್ದೆ ವರ್ಷವಿಡೀ ಜಲಾವೃತ. ಕಡಲನ್ನು ಹೊರಗಿಟ್ಟ ಒಡ್ಡೇ ಈಗ ಮಳೆನೀರನ್ನು ಒಳಗೆ ಕಟ್ಟಿಹಾಕಿತ್ತು. ಖುಲ್ನಾದ ಬೀಲ್ ಡಾಕಾತಿಯಾದ ಜನ ಅರ್ಜಿ ಕೊಟ್ಟು, ಮೆರವಣಿಗೆ ಮಾಡಿ, ಫಲ ಕಾಣದೆ 1990ರಲ್ಲಿ ಸರ್ಕಾರದ ಒಡ್ಡನ್ನು ತಾವೇ ಕಡಿದರು. (ಬೀಲ್ ಎಂದರೆ ನೀರು ನಿಲ್ಲುವ ವಿಶಾಲ ತಗ್ಗು.) 1997ರ ಅಕ್ಟೋಬರಿನಲ್ಲಿ ಹರಿ ನದಿಯ ದಡದ ಬೀಲ್ ಭಾಯಿನಾದಲ್ಲೂ ಹಾಗೇ ಆಯಿತು. ಕಡಿದ ಬಾಯಿಂದ ದಿನಕ್ಕೆ ಎರಡು ಸಲ ಉಬ್ಬರ ಒಳನುಗ್ಗಿ ಹೂಳನ್ನು ಬೀಲಿನಲ್ಲಿ ಬಿಟ್ಟಿತು, ಇಳಿತದ ಸೆಳೆತ ನದಿಯ ತಳವನ್ನು ಕೊರೆಯಿತು. ನಾಲ್ಕು ವರ್ಷದೊಳಗೆ ತಗ್ಗು ನೆಲ ಮೇಲೆದ್ದು, ನದಿ ಆಳವಾಗಿ, ಸುತ್ತಲಿನ ಊರುಗಳ ನೀರು ಹರಿದುಹೋಯಿತು.

ಅಲ್ಲಿಯವರೆಗೆ ಇಂಜಿನಿಯರುಗಳು ತೂಬುಗಳನ್ನು ದೊಡ್ಡದು ಮಾಡುವ, ಹೂಳೆತ್ತುವ ಯೋಜನೆ ಹಾಕಿದ್ದರು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನಡೆಯುತ್ತಿದ್ದ ಖುಲ್ನಾ-ಜೆಸ್ಸೋರ್ ಬಸಿಗಾಲುವೆ ಯೋಜನೆ ಕೊನೆಗೆ ರೈತರ ದಾರಿಯನ್ನು ಒಪ್ಪಿಕೊಂಡಿತು. ಇಂದು ಅದನ್ನು ಉಬ್ಬರ ನದಿ ನಿರ್ವಹಣೆ ಎಂಬ ಹೆಸರಿನಿಂದ ಕರೆಯುತ್ತಾರೆ: ಒಂದು ಬೀಲನ್ನು ಕೆಲವು ವರ್ಷ ಉಬ್ಬರಕ್ಕೆ ತೆರೆದು, ನೆಲ ಎದ್ದ ಮೇಲೆ ಮುಚ್ಚಿ, ಮುಂದಿನದನ್ನು ತೆರೆಯುವುದು. ಎಂಟು ತಿಂಗಳ ಒಡ್ಡಿನ ತತ್ವವೇ ಇಲ್ಲಿ ವರ್ಷಗಳ ಅಳತೆಗೆ ಹಿಗ್ಗಿದೆ.

ಇದರ ಕಷ್ಟ ಇರುವುದು ನೀರಿನಲ್ಲಲ್ಲ, ಜಮೀನಿನಲ್ಲಿ. ಬೀಲು ತೆರೆದಿರುವಷ್ಟು ವರ್ಷ ಅಲ್ಲಿಯ ರೈತನಿಗೆ ಬೆಳೆಯಿಲ್ಲ, ಲಾಭ ಮಾತ್ರ ಸುತ್ತಲಿನ ಎಲ್ಲರಿಗೆ. ಪೂರ್ವ ಬೀಲ್ ಖುಕ್ಷಿಯಾದಲ್ಲಿ 2006ರಿಂದ ಕೆಲವು ವರ್ಷ ಇದು ನಡೆದಾಗ ಪರಿಹಾರದ ಹಣ ಪಡೆಯುವುದೇ ಹೆಣಗಾಟವಾಯಿತು. ದಾಖಲೆ ಸರಿಯಿಲ್ಲದವರಿಗೆ, ಪಾಲಿಗೆ ಉಳುವವರಿಗೆ, ಕೂಲಿಯವರಿಗೆ ಬಹುಮಟ್ಟಿಗೆ ಏನೂ ಸಿಗಲಿಲ್ಲ. ಇದನ್ನು ಕಂಡ ಬೀಲ್ ಕಪಾಲಿಯಾದ ಜನ ತಮ್ಮ ಸರದಿ ಬಂದಾಗ ಬೇಡವೆಂದರು, 2012ರಲ್ಲಿ ಅಲ್ಲಿ ಗಲಭೆಯೇ ಆಯಿತು. ರೈತರೇ ಕಂಡುಹಿಡಿದ ಉಪಾಯ ಸರ್ಕಾರದ ಕೈಗೆ ಹೋದ ಮೇಲೆ ರೈತರಿಂದಲೇ ತಿರಸ್ಕಾರಗೊಂಡ ಈ ಪ್ರಸಂಗವನ್ನು ಹೊಂದಾಣಿಕೆಯ ಯೋಜನೆ ರೂಪಿಸುವ ಪ್ರತಿಯೊಬ್ಬರೂ ಓದಬೇಕು.

ಪೋಲ್ಡರಿನ ಇನ್ನೊಂದು ಕಥೆ ಸೀಗಡಿಯದು. 1980ರ ದಶಕದಲ್ಲಿ ರಫ್ತಿನ ಬೆಲೆಗೆ ಮರುಳಾದ ಬಲಾಢ್ಯರು ಏರಿಯಲ್ಲಿ ತೂತು ಕೊರೆದು ಉಪ್ಪುನೀರನ್ನು ಗದ್ದೆಗೆ ತಂದರು. ಖುಲ್ನಾದ 22ನೆಯ ಪೋಲ್ಡರಿನಲ್ಲಿ ಭೂಹೀನರ ಸಂಘದ ಕರುಣಾಮಯಿ ಸರ್ದಾರ್ 1990ರ ನವೆಂಬರ್ 7ರಂದು ಇದನ್ನು ವಿರೋಧಿಸಿ ನಡೆದ ಮೆರವಣಿಗೆಯ ಮುಂದಾಳಾಗಿದ್ದಾಗ ಕೊಲೆಯಾದರು. ಆ ಪೋಲ್ಡರಿನ ಜನ ಸೀಗಡಿಯನ್ನು ಒಳಬಿಡಲಿಲ್ಲ. ಪ್ರತಿವರ್ಷ ಆ ದಿನ ಅಲ್ಲಿ ಸೇರುವ ಭೂಹೀನರಿಗೆ ಸಿಹಿನೀರಿನ ಗದ್ದೆ ಎಂದರೆ ಕೂಲಿ, ಹುಲ್ಲು, ಹಸು, ತರಕಾರಿ. ಸೀಗಡಿ ಹೊಂಡಕ್ಕೆ ಕೆಲವೇ ಕೈ ಸಾಕು.

2009ರ ಮೇ 25ರಂದು ಐಲಾ ಚಂಡಮಾರುತ ಬಂದಾಗ ದಾಕೋಪ್ ಉಪಜಿಲ್ಲೆಯ 32ನೆಯ ಪೋಲ್ಡರಿನ ಏರಿ ಹಲವೆಡೆ ಒಡೆದು, ಸುಮಾರು ಎರಡು ವರ್ಷ ಉಬ್ಬರದ ನೀರು ಊರೊಳಗೆ ಆಡಿತು. ಜನ ಏರಿಯ ಮೇಲೆಯೇ ಗುಡಿಸಲು ಹಾಕಿ ಬದುಕಿದರು. ನಂತರ ಅಳೆದು ನೋಡಿದ ವಿಜ್ಞಾನಿಗಳಿಗೆ ಕಂಡದ್ದು ಎರಡು ಸಂಗತಿ. ಪೋಲ್ಡರಿನ ನೆಲ ಪಕ್ಕದ ಸುಂದರಬನದ ನೆಲಕ್ಕಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಿತ್ತು, ಐದು ದಶಕಗಳ ಒಡ್ಡಿನ ಫಲ ಅದು. ಏರಿ ಒಡೆದಿದ್ದ ಆ ಎರಡೇ ವರ್ಷಗಳಲ್ಲಿ ಒಳಗೆ ಹತ್ತಾರು ಸೆಂ.ಮೀ. ಹೊಸ ಹೂಳು ಕೂತಿತ್ತು. ನದಿಯಲ್ಲಿ ಮಣ್ಣು ಇನ್ನೂ ಇದೆ, ದಾರಿ ಕೊಟ್ಟರೆ ನೆಲ ಇನ್ನೂ ಏಳಬಲ್ಲದು.

ಕನ್ನಡ ನಾಡಿನ ಕರಾವಳಿಯಲ್ಲಿ ಇದರ ಹತ್ತಿರದ ಬಂಧು ಇದೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ರೈತರು ಮಣ್ಣಿನ ಒಡ್ಡು ಮತ್ತು ತೂಬಿನ ಬಾಗಿಲಿನಿಂದ ಉಬ್ಬರವನ್ನು ಆಳುತ್ತ ಕಗ್ಗ ಭತ್ತ ಬೆಳೆದರು. ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ. ಆಳೆತ್ತರದ ಈ ಕೆಂಪಕ್ಕಿಯ ತಳಿ ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆ ಮೀನು, ಸೀಗಡಿಗೆ. ಇಲ್ಲೂ ಸೀಗಡಿಯ ಲಾಭ ಒಡ್ಡಿನ ಒಗ್ಗಟ್ಟನ್ನು ಸಡಿಲಿಸಿತು, ಹಲವು ಗಜನಿಗಳು ಭತ್ತ ಕಾಣದೆ ಬಿದ್ದವು. ಮಾಣಿಕಟ್ಟದಂತಹ ಊರುಗಳಲ್ಲಿ ಕಗ್ಗ ಉಳಿದಿರುವುದು ಗದ್ದೆಯವರೆಲ್ಲ ಸೇರಿ ಒಡ್ಡು ಕಾಯುವುದರಿಂದ. ಒಬ್ಬನ ಬಾಗಿಲು ತೆರೆದರೆ ಎಲ್ಲರ ಗದ್ದೆಗೂ ಉಪ್ಪು.

ಮುಳುಗಿ ಏಳುವ ಭತ್ತ

ವಿಜ್ಞಾನ ರೈತರ ಬೀಜದಿಂದಲೇ ಹೊರಟು ರೈತರಿಗೇ ಮರಳಿದ ಒಳ್ಳೆಯ ಉದಾಹರಣೆ ಸಬ್-1 ಭತ್ತ. ಒಡಿಶಾದ ರೈತರ ಒಂದು ಹಳೆಯ ತಳಿಯಿಂದ ಆರಿಸಿದ ಎಫ್‌ಆರ್13ಎ ಎರಡು ವಾರ ಪೂರ್ತಿ ಮುಳುಗಿದರೂ ಸಾಯುತ್ತಿರಲಿಲ್ಲ, ಆದರೆ ಇಳುವರಿ ಕಡಿಮೆ, ಅಕ್ಕಿಯೂ ಜನಕ್ಕೆ ಹಿಡಿಸದು. ಅದರೊಳಗಿನ ವಂಶವಾಹಿಯನ್ನು ಡೇವಿಡ್ ಮ್ಯಾಕಿಲ್, ಕೆನೊಂಗ್ ಶು, ಪಮೇಲಾ ರೊನಾಲ್ಡ್ ಮತ್ತು ಸಂಗಡಿಗರು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಮನಿಲಾ ಬಳಿಯ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಕುಲಾಂತರಿ ವಿಧಾನದಿಂದಲ್ಲದೆ ಸಾಮಾನ್ಯ ಸಂಕರದ ಮೂಲಕ, ರೈತರು ಒಪ್ಪಿಕೊಂಡಿದ್ದ ಆಂಧ್ರದ ಸ್ವರ್ಣಾ ತಳಿಗೆ ಸೇರಿಸಿತು. ಸ್ವರ್ಣಾ-ಸಬ್1 ಭಾರತದಲ್ಲಿ 2009ರಲ್ಲಿ, ಬಾಂಗ್ಲಾದೇಶದಲ್ಲಿ ಬ್ರಿ ಧಾನ್ 51 ಎಂಬ ಹೆಸರಿನಿಂದ 2010ರಲ್ಲಿ ಬಿಡುಗಡೆಯಾಯಿತು. ಆಳನೀರಿನ ಅಮನ್ ಉದ್ದ ಬೆಳೆದು ಬದುಕಿದರೆ ಇದು ಬೆಳವಣಿಗೆ ನಿಲ್ಲಿಸಿ ಬದುಕುತ್ತದೆ. ಮುಳುಗಿದಾಗ ಶಕ್ತಿ ಖರ್ಚು ಮಾಡದೆ ಉಳಿಸಿಕೊಂಡು, ನೀರಿಳಿದ ಮೇಲೆ ಚಿಗುರುತ್ತದೆ. ನೆರೆ ಬಾರದ ವರ್ಷದಲ್ಲಿ ಇಳುವರಿಗೆ ಪೆಟ್ಟಿಲ್ಲ.

ಒಡಿಶಾದಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ತೋರಿಸಿದ್ದು ಗಮನಾರ್ಹ. ಅಲ್ಲಿ ಪರಿಶಿಷ್ಟ ಜಾತಿಯವರ ಜಮೀನು ಹೆಚ್ಚಾಗಿ ಊರಿನ ತಗ್ಗು ನೆಲದಲ್ಲಿರುವುದರಿಂದ ಈ ಬೀಜದ ಪ್ರಯೋಜನ ಅವರಿಗೇ ಹೆಚ್ಚು. ತಗ್ಗು ಯಾರ ಪಾಲಿಗೆ ಬಂತು ಎಂಬುದು ನಿಸರ್ಗದ ತೀರ್ಮಾನವಲ್ಲ. ನೆರೆಯ ಹಾನಿಯನ್ನು ಲೆಕ್ಕ ಹಾಕುವಾಗ ಇದು ಮರೆಯಬಾರದ ಮಾತು.

ಎರಡು ವಾರ ಮೀರಿದರೆ, ನೀರು ತಿಂಗಳುಗಟ್ಟಲೆ ನಿಂತರೆ, ಉಪ್ಪು ಬಂದರೆ ಸಬ್-1 ಕೈಕೊಡುತ್ತದೆ. ಉಪ್ಪಿಗೆ ಬ್ರಿ ಧಾನ್ 47, 67ರಂತಹ ಬೇರೆ ತಳಿಗಳಿವೆ. ಈಶಾನ್ಯದ ಹಾವೋರ್ ಪ್ರದೇಶಕ್ಕಂತೂ ಇವು ಯಾವುದೂ ಉತ್ತರವಲ್ಲ. ಸುನಾಮ್‌ಗಂಜ್, ಕಿಶೋರ್‌ಗಂಜ್, ನೇತ್ರೊಕೋನಾ ಜಿಲ್ಲೆಗಳ ಆ ವಿಶಾಲ ಬೋಗುಣಿನೆಲ ಮಳೆಗಾಲವಿಡೀ ಸರೋವರ. ಬೋರೋ ಅಲ್ಲಿಯ ಒಂದೇ ಬೆಳೆ. ಮೇಘಾಲಯದ ಬೆಟ್ಟಗಳ ಮಳೆ ಏಪ್ರಿಲ್ ಕೊನೆಯ ಬದಲು ಮೊದಲಲ್ಲೇ ಬಿದ್ದರೆ ಕೊಯ್ಲಿಗೆ ಬಂದ ಪೈರು ರಾತ್ರಿ ಬೆಳಗಾಗುವುದರೊಳಗೆ ಹೋಯಿತು. 2017ರಲ್ಲಿ ಹಾಗೇ ಆಯಿತು. ಬೇಗ ಮಾಗುವ ತಳಿ ಬೆಳೆಯಿರಿ ಎಂಬ ಸಲಹೆ ಸುಲಭ. ಬೇಗ ನಾಟಿಯಾದ ಪೈರು ಹೊಡೆ ಕಟ್ಟುವ ಹೊತ್ತಿಗೆ ಚಳಿ ಬಿದ್ದರೆ ತೆನೆಯೆಲ್ಲ ಜೊಳ್ಳು ಎಂಬುದು ರೈತನಿಗೆ ಗೊತ್ತು. ಅವನು ಬಿತ್ತನೆಯ ದಿನ ಆರಿಸುವುದು ಚಳಿ ಮತ್ತು ನೆರೆಯ ನಡುವಿನ ಇಕ್ಕಟ್ಟಿನಲ್ಲಿ. 2017ರ ಅನಾಹುತದಲ್ಲಿ ಒಡ್ಡಿನ ಕಾಮಗಾರಿಯ ಭ್ರಷ್ಟಾಚಾರದ ದೂರುಗಳು ಎದ್ದ ಮೇಲೆ ಸರ್ಕಾರ ಗುತ್ತಿಗೆದಾರರನ್ನು ಬಿಟ್ಟು, ಒಡ್ಡಿನ ಪಕ್ಕದ ಜಮೀನಿನ ರೈತರನ್ನು ಸೇರಿಸಿದ ಸಮಿತಿಗಳಿಗೆ ಕೆಲಸ ವಹಿಸಿತು. ಅಲ್ಲಿನ ಒಡ್ಡುಗಳು ಬೇಕೆಂದೇ ಗಿಡ್ಡ. ಕೊಯ್ಲು ಮುಗಿಯುವವರೆಗೆ ನೀರು ತಡೆದು, ಆಮೇಲೆ ಮುಳುಗಿ, ಮೀನಿಗೂ ದೋಣಿಗೂ ದಾರಿ ಬಿಡಬೇಕು.

ಮುನ್ಸೂಚನೆ, ಹಣ, ಎತ್ತರದ ಅಂಗಳ

1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರೆಂದು ಅಂದಾಜು. 1991ರಲ್ಲಿ ಸುಮಾರು 1.38 ಲಕ್ಷ. 2020ರ ಅಂಫಾನ್‌ನಲ್ಲಿ ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ಹತ್ತಾರು. 1972ರಲ್ಲಿ ಆರಂಭವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದ ಊರೂರಿನ ಸ್ವಯಂಸೇವಕರು, ಆಶ್ರಯ ಕಟ್ಟಡಗಳು, ದನಕರುಗಳಿಗಾಗಿ ಕಟ್ಟಿದ ಮಣ್ಣಿನ ದಿಬ್ಬಗಳು ಈ ಅಂತರವನ್ನು ತಂದವು. ದಿಬ್ಬಗಳ ಮಾತು ಸಣ್ಣದಲ್ಲ. ಹಸುವನ್ನು ಬಿಟ್ಟು ಹೋಗಲಾರದೆ ಮನೆಯಲ್ಲೇ ಉಳಿಯುವವರು ಎಲ್ಲ ಕಡೆ ಇದ್ದಾರೆ.

ಬ್ರಹ್ಮಪುತ್ರದ ಕೆಳಹರಿವಾದ ಜಮುನಾ ನದಿಯ ನಡುಗಡ್ಡೆಗಳಾದ ಚರ್‌ಗಳಲ್ಲಿ ನೆಲವೇ ಸ್ಥಿರವಲ್ಲ. ಬ್ರಿಟನ್ನಿನ ನೆರವಿನಿಂದ 2004ರಿಂದ 2016ರವರೆಗೆ ನಡೆದ ಚರ್ ಜೀವನೋಪಾಯ ಕಾರ್ಯಕ್ರಮ ಮನೆಯಂಗಳವನ್ನು ಹಳೆಯ ನೆರೆಗುರುತಿಗಿಂತ ಎತ್ತರಕ್ಕೆ ಮಣ್ಣು ಹಾಕಿ ಏರಿಸಿತು, ಬಡ ಕುಟುಂಬದ ಹೆಂಗಸಿನ ಹೆಸರಿನಲ್ಲಿ ಹಸು ಕೊಡಿಸಿತು. ಮಣ್ಣು ಹೊರುವ ಕೂಲಿಯೂ ಅದೇ ಊರಿನವರಿಗೆ. ನೆರೆ ಹಾಸಿಹೋದ ಬರಿ ಮರಳಿನಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ ಕುಂಬಳ ಬೆಳೆಯುವುದನ್ನು ಪ್ರಾಕ್ಟಿಕಲ್ ಆಕ್ಷನ್ ಸಂಸ್ಥೆ ಭೂಮಿ ಕಳೆದುಕೊಂಡವರಿಗೆ ಕಲಿಸಿತು. ಕುಂಬಳ ತಿಂಗಳುಗಟ್ಟಲೆ ಕೆಡದೆ ಉಳಿಯುವುದರಿಂದ ಮಾರುಕಟ್ಟೆ ದೂರವಿರುವ ಚರ್‌ಗೆ ಇದು ಹೇಳಿಮಾಡಿಸಿದ ಬೆಳೆ.

ನೆರೆ ಬಂದ ಮೇಲೆ ಪರಿಹಾರ ಹಂಚುವ ಬದಲು, ಬರುತ್ತದೆಂದು ಗೊತ್ತಾದೊಡನೆ ಹಣ ಕೊಡುವುದು ಈಚಿನ ಕ್ರಮ. 2020ರ ಜುಲೈನಲ್ಲಿ ಜಮುನಾ ನೆರೆಯ ಮುನ್ಸೂಚನೆ ನಿಗದಿಯಾದ ಮಟ್ಟ ಮುಟ್ಟಿದಾಗ ವಿಶ್ವ ಆಹಾರ ಕಾರ್ಯಕ್ರಮ 20,000ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ 4,500 ಟಾಕಾವನ್ನು ಮೊಬೈಲಿಗೆ ಕಳಿಸಿತು. ಹಣ ಸಿಕ್ಕವರ ಮನೆಗಳಲ್ಲಿ ದಿನವಿಡೀ ಉಪವಾಸ ಬೀಳುವುದು ಕಡಿಮೆಯಾದದ್ದನ್ನು ನಂತರದ ಅಧ್ಯಯನ ದಾಖಲಿಸಿತು. ದನವನ್ನು ಸಿಕ್ಕಿದ ಬೆಲೆಗೆ ಮಾರುವ, ಬಡ್ಡಿಗೆ ಸಾಲ ತರುವ ಹೊತ್ತಿಗಿಂತ ನಾಲ್ಕು ದಿನ ಮುಂಚೆ ಬಂದ ಹಣಕ್ಕೆ ಬೆಲೆ ಹೆಚ್ಚು.

ತೀರ್ಮಾನ ಯಾರದು

ಬಾಂಗ್ಲಾದೇಶ 2009ರಲ್ಲಿ ತನ್ನದೇ ಹವಾಮಾನ ಕಾರ್ಯತಂತ್ರ ರೂಪಿಸಿ, ಬೇರೆ ದೇಶಗಳ ಹಣಕ್ಕೆ ಕಾಯದೆ ಸ್ವಂತ ಆಯವ್ಯಯದಿಂದ ನಿಧಿ ತೆರೆಯಿತು. 2018ರಲ್ಲಿ 2100ರವರೆಗಿನ ನದೀಮುಖಜ ಭೂಮಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಢಾಕಾದ ವಿಜ್ಞಾನಿ ಸಲೀಮುಲ್ ಹಕ್ (1952–2023) ಸಮುದಾಯ ಆಧಾರಿತ ಹೊಂದಾಣಿಕೆಯ ವಿಚಾರವನ್ನು ಅಂತರರಾಷ್ಟ್ರೀಯ ಮಾತುಕತೆಗಳಿಗೆ ಒಯ್ದರು. 2021ರಲ್ಲಿ ಸ್ಥಳೀಯರ ನೇತೃತ್ವದ ಹೊಂದಾಣಿಕೆಗೆ ಎಂಟು ತತ್ವಗಳು ಪ್ರಕಟವಾದವು. ನಿರ್ಧಾರ ಆದಷ್ಟು ಕೆಳಮಟ್ಟದಲ್ಲಿ ಆಗಬೇಕು, ಹಣ ದೀರ್ಘಕಾಲ ಖಚಿತವಾಗಿ ಬರಬೇಕು ಎಂಬವು ಅವುಗಳಲ್ಲಿ ಮುಖ್ಯ. ಆದರೆ ಸ್ಥಳೀಯರು ಎಂದಾಗ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಪೋಲ್ಡರಿನ ತೂಬಿನ ಬೀಗದ ಕೈ ಊರಿನ ದೊಡ್ಡ ಹಿಡುವಳಿದಾರನ ಬಳಿಯಿದ್ದರೆ ಅವನೂ ಸ್ಥಳೀಯನೇ. ತೆರೆದ ಬೀಲಿನ ಪರಿಹಾರ ಪಟ್ಟಿಯಲ್ಲಿ ಕೋರಿಗೆ ಉಳುವವನ ಹೆಸರು, ನೀರು ನಿರ್ವಹಣಾ ಸಮಿತಿಯಲ್ಲಿ ಭೂಹೀನ ಹೆಂಗಸಿನ ಮಾತು ಎರಡೂ ಇನ್ನೂ ಹೋರಾಡಿ ಪಡೆಯಬೇಕಾದ ಸ್ಥಿತಿಯಲ್ಲಿವೆ.